ಪೋರ್ಟಬಲ್ ಮಷೀನಿನಿಂದ ಹಡಗಿನ ಕಾರ್ಗೋ ಟ್ಯಾಂಕ್ ತೊಳೆಯುವಾಗ ನಾನು ನೋಡಿಕೊಳ್ಳುವುದು

ಡೆಕ್ಕಿಗೆ ಬಿಗಿದ ಮಷೀನಿನ ನೀರು ಏಣಿಯ ಹಿಂಭಾಗಕ್ಕೆ, ಹೀಟಿಂಗ್ ಕಾಯಿಲ್‌ ಅಡಿಗೆ, ಗೋಡೆಗೆ ಬಲ ಕೊಡುವ ಸ್ಟಿಫನರ್‌ಗಳ ಮರೆಗೆ ಸರಿಯಾಗಿ ತಾಗುವುದಿಲ್ಲ. ಅಂಥ ಜಾಗಕ್ಕೆ ಪೋರ್ಟಬಲ್ ಮಷೀನ್ ಇಳಿಸುತ್ತೇನೆ. ಕೆಲಸ ಕೆಡುವುದು ಮಷೀನಿನಿಂದ ಕಡಿಮೆ, ಹೋಸ್ ಮತ್ತು ಸ್ಟ್ರಿಪ್ಪಿಂಗ್‌ನಿಂದಲೇ (ತಳದ ನೀರನ್ನು ಪಂಪಿನಿಂದ ಹೊರಗೆಳೆಯುವುದು) ಹೆಚ್ಚು.

ಹೋಸ್ ಒಣಗಿರುವಾಗಲೇ ಎರಡು ತುದಿಗಳ ಕಪ್ಲಿಂಗ್ ನಡುವಿನ ರೆಸಿಸ್ಟೆನ್ಸ್ ಅಳೆಯುತ್ತೇನೆ. ಒಂದು ಮೀಟರ್ ಉದ್ದಕ್ಕೆ 6 ಓಮ್ ಮೀರಬಾರದು. ಅಂದರೆ 20 ಮೀಟರ್ ಹೋಸಿಗೆ 120. ಒಳಗೆ ಉಪ್ಪುನೀರು ಉಳಿದಿದ್ದರೆ ಎರಡು ಕಪ್ಲಿಂಗ್ ಸೇರಿಸುವ ಬಾಂಡಿಂಗ್ ತಂತಿ ತುಂಡಾಗಿದ್ದರೂ ಟೆಸ್ಟರ್ ಏನೋ ಒಂದು ಅಂಕಿ ತೋರಿಸಿ ಮೋಸ ಮಾಡಬಹುದು. ತೊಳೆಯುವಾಗ ಏಳುವ ತುಂತುರಿಗೆ ವಿದ್ಯುತ್ ಚಾರ್ಜ್ ಇರುತ್ತದೆ. ಹಡಗಿನ ಮೈಗೆ ಸಂಪರ್ಕ ತಪ್ಪಿದ ಮಷೀನ್ ಆ ಚಾರ್ಜ್ ಹೊತ್ತುಕೊಂಡು ಕಿಡಿ ಹಾರಿಸಬಲ್ಲದು. ಆದ್ದರಿಂದ ಹೋಸನ್ನು ನೀರು ಬರುವ ಹೈಡ್ರಂಟ್‌ಗೂ ಮಷೀನಿಗೂ ಜೋಡಿಸಿ, ಇನ್ನೊಮ್ಮೆ ಪರೀಕ್ಷಿಸಿದ ಮೇಲೆಯೇ ಇಳಿಸುವುದು. ಭಾರ ಹೊರಬೇಕಾದದ್ದು ನಾರಿನ ಹಗ್ಗ, ಹೋಸ್ ಅಲ್ಲ.

ಇನರ್ಟ್ ಮಾಡದ (ಆಮ್ಲಜನಕ ತಗ್ಗಿಸುವ ಅನಿಲ ತುಂಬದ) ಟ್ಯಾಂಕಿನಲ್ಲಿ ಗ್ಯಾಸ್ ಎಲ್‌ಎಫ್‌ಎಲ್‌ನ (ಗಾಳಿಯಲ್ಲಿ ಗ್ಯಾಸ್ ಹೊತ್ತಿಕೊಳ್ಳಬಲ್ಲ ಕನಿಷ್ಠ ಪ್ರಮಾಣ) 10 ಶೇಕಡಕ್ಕೆ ಇಳಿದ ನಂತರವೇ ಶುರು. 35 ಮುಟ್ಟಿದರೆ ನೀರು ಬಂದ್.

ಜೋಡಿಸುವ ಮೊದಲು ಲೈನನ್ನು ಚೆನ್ನಾಗಿ ಫ್ಲಶ್ ಮಾಡಿ. ತುಕ್ಕಿನ ಚೂರು ಟರ್ಬೈನಿಗೆ ಸಿಕ್ಕಿಕೊಂಡರೆ ನೀರು ಬರುತ್ತಲೇ ಇರುತ್ತದೆ, ನಾಝಲ್ ಮಾತ್ರ ತಿರುಗದೆ ಒಂದೇ ಪಟ್ಟೆಯನ್ನು ತೊಳೆಯುತ್ತದೆ. ಹ್ಯಾಚ್ ಬಳಿ ಕಿವಿಗೊಟ್ಟರೆ ಗೊತ್ತಾಗುತ್ತದೆ: ತಗಡಿಗೆ ಬಡಿಯುವ ಸದ್ದು ಏರಿಳಿಯುತ್ತಿರಬೇಕು. ಬೇಗ ಮುಗಿಸುವ ಆಸೆಗೆ ಒಂದೇ ಲೈನಿಗೆ ಹೆಚ್ಚು ಮಷೀನ್ ಹಾಕಿದರೆ ಒತ್ತಡ ಬಿದ್ದು ಜೆಟ್ ಗೋಡೆ ಮುಟ್ಟುವ ಮೊದಲೇ ಒಡೆಯುತ್ತದೆ. ಹಾಗಾಗಿ ಪಂಪಿನ ಬಳಿಯ ಗೇಜ್ ನಂಬದೆ ಲೈನಿನ ಕೊನೆಯ ಗೇಜ್ ನೋಡುತ್ತೇನೆ.

ಮೇಲೆ, ನಡುವೆ, ಕೆಳಗೆ ಎಂದು ಹಂತಹಂತವಾಗಿ ಇಳಿಸುತ್ತಾ ಪ್ರತಿ ಹಂತದಲ್ಲೂ ಪೂರ್ಣ ಸುತ್ತು ಮುಗಿಯಲು ಬಿಡುತ್ತೇನೆ. ಕೊನೆಯ ಹಂತಕ್ಕೆ ಎರಡು ಸುತ್ತು. ಆಗ ತಳದಲ್ಲಿ ನೀರು ನಿಂತಿರಬಾರದು, ನಿಂತರೆ ಜೆಟ್ ನೀರನ್ನು ಕಲಕುತ್ತದೆಯೇ ಹೊರತು ತಳದ ಕೆಸರನ್ನಲ್ಲ. ಹಡಗು ಹಿಂಭಾಗಕ್ಕೆ ವಾಲಿರಲಿ, ಸ್ಟ್ರಿಪ್ಪಿಂಗ್ ನೀರು ಬರುವ ವೇಗವನ್ನು ಮೀರಿರಲಿ. ತುಂತುರಿನ ಚಾರ್ಜ್ ಇರುವುದರಿಂದ ಆಳ ನೋಡಲು ಲೋಹದ ಟೇಪ್ ಇಳಿಸುವ ಹಾಗಿಲ್ಲ; ತೊಳೆದು ಮುಗಿದ ಮೇಲೂ 5 ಗಂಟೆ ಕಾಯಬೇಕು, ಫ್ಯಾನ್ ಹಾಕಿ ಗಾಳಿಯಾಡಿಸಿದ್ದರೆ 1 ಗಂಟೆ ಸಾಕು.

ಸೋಯಾ, ಅಗಸೆಯಂಥ ಒಣಗುವ ಎಣ್ಣೆ ಇದ್ದ ಟ್ಯಾಂಕಿಗೆ ಮೊದಲ ನೀರು ತಣ್ಣಗಿರಲಿ. ಬಿಸಿನೀರು ತಗುಲಿದರೆ ಎಣ್ಣೆ ವಾರ್ನಿಷಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಕೆರೆಯುವುದೊಂದೇ ದಾರಿ. ತಾಳೆ ಎಣ್ಣೆಗೆ ಇದರ ತದ್ವಿರುದ್ಧ.

ಮಷೀನ್ ಹೊರಬರುವ ತನಕ ಕಪ್ಲಿಂಗ್ ಬಿಚ್ಚುವುದಿಲ್ಲ. ಹೋಸಿನ ನೀರು ಬಸಿಯಲು ತುಸು ಸಡಿಲಿಸಿ, ಮತ್ತೆ ಬಿಗಿದು, ನಂತರ ಎತ್ತುತ್ತೇನೆ.