ಐರ್ಲೆಂಡಿಗೆ ಹೊಸಬರೇ? ಒಂದು ಭಾನುವಾರ ಹಳ್ಳಿಯ ಕುದುರೆ ಓಟಕ್ಕೆ ಹೋಗಿ

ಪಿಪಿಎಸ್ ನಂಬರು (ತೆರಿಗೆಗೆ, ಸರ್ಕಾರಿ ಕೆಲಸಕ್ಕೆ ಬೇಕಾದ್ದು), ಐಆರ್‌ಪಿ ಕಾರ್ಡು (ಇಲ್ಲಿ ವಾಸಕ್ಕೆ ಅನುಮತಿ ಪತ್ರ), ಬ್ಯಾಂಕ್ ಖಾತೆ ಎಲ್ಲ ಹೇಗೋ ಆಗುತ್ತದೆ, ಬಿಡಿ. ನಮ್ಮವರು ಯಾರೂ ಹೇಳಿಕೊಡದ ವಿಷಯ ಪಾಯಿಂಟ್-ಟು-ಪಾಯಿಂಟ್, ಅಂದರೆ ಹಳ್ಳಿಯ ಹೊಲದಲ್ಲಿ ನಡೆಯುವ ಕುದುರೆ ಓಟ.

ರೇಸು ಅಂದ ಕೂಡಲೇ ನಮ್ಮವರು ಮೂಗು ಮುರಿಯುತ್ತಾರೆ. ಜೂಜು, ಸಾಲ, ಮನೆ ಹಾಳು, ಅಲ್ಲಿಗೆ ಮಕ್ಕಳನ್ನು ಕರ್ಕೊಂಡು ಹೋಗೋದಾ ಅಂತ. ಆಮೇಲೆ ಅದೇ ನಾಲ್ಕು ಕನ್ನಡ ಮನೆಗಳಲ್ಲಿ ಸರದಿ ಪ್ರಕಾರ ಬಿಸಿಬೇಳೆಬಾತ್ ತಿಂದು, ಈ ಊರಿನವರು ನಮ್ಮನ್ನು ಹತ್ತಿರ ಸೇರಿಸಲ್ಲ ಅಂತ ಗೊಣಗುತ್ತಾರೆ! ಸೇರಿಸೋಕೆ ನಾವು ಅವರಿಗೆ ಸಿಗಬೇಕಲ್ವಾ?

ಊರಿನವರೆಲ್ಲ ಸಿಗುವ ಜಾಗ ಇದು. ಯಾರದೋ ಹೊಲದಲ್ಲಿ ಬೇಲಿ ಹಾರಿಸುತ್ತಾ ಸಾಮಾನ್ಯವಾಗಿ ಮೂರು ಮೈಲಿ ಓಟ. ಸವಾರರೆಲ್ಲ ಹವ್ಯಾಸಿಗಳು. ಕಂಬಳ ನೋಡಿದವರಿಗೆ ಆ ಗದ್ದಲ ಹೊಸದೇನಲ್ಲ. 1752ರಲ್ಲಿ ಕಾರ್ಕ್ ಕೌಂಟಿಯ ಬಟೆವಂಟ್ ಚರ್ಚಿನಿಂದ ಡೋನರೇಲ್ ಚರ್ಚಿನವರೆಗೆ ಇಬ್ಬರು ಪಂದ್ಯ ಕಟ್ಟಿ, ದೂರದ ಗೋಪುರವನ್ನೇ ಗುರಿ ಇಟ್ಟುಕೊಂಡು ಹಳ್ಳ, ಗೋಡೆ ಏನು ಅಡ್ಡ ಬಂದರೂ ಹಾರಿಸಿಕೊಂಡು ಹೋದರಂತೆ. ಸ್ಟೀಪಲ್ ಅಂದರೆ ಚರ್ಚಿನ ಗೋಪುರ; ಬೇಲಿ ಹಾರುವ ಓಟ ಸ್ಟೀಪಲ್‌ಚೇಸ್ ಶುರುವಾದದ್ದು ಹೀಗೆ ಅನ್ನುತ್ತಾರೆ.

ಗಂಬೂಟು ಬೇಕೇ ಬೇಕು. ಗಾಲ್ವೇ ಊರಿನ ದೊಡ್ಡ ರೇಸಿನ ಟೋಪಿ, ಸೂಟಿನ ಫೋಟೋ ನೋಡಿ ರೇಷ್ಮೆ ಸೀರೆ ಉಟ್ಟು ಬರಬೇಡಿ, ಇದು ಕೆಸರಿನ ವ್ಯವಹಾರ. ಸಸ್ಯಾಹಾರಿಗಳಿಗೆ ಚಿಪ್ಸ್ ಬಿಟ್ಟು ಜಾಸ್ತಿ ಏನೂ ಸಿಗದು, ಚಿತ್ರಾನ್ನ ಕಟ್ಟಿಕೊಳ್ಳಿ. ಬಸ್ಸು ನಂಬಬೇಡಿ. ಬಾಜಿ ಕಟ್ಟಲೇಬೇಕು ಅಂತೇನಿಲ್ಲ. ಕಟ್ಟಿದರೆ ಐದು ಯೂರೋ ಸಾಕು, ನಗದು ಇರಲಿ. ಬಾಜಿಯ ದರ 5/1 (ಒಂದಕ್ಕೆ ಐದು) ಇದ್ದು ಕುದುರೆ ಗೆದ್ದರೆ ಇಪ್ಪತ್ತೈದು ಲಾಭ, ನಿಮ್ಮ ಐದೂ ವಾಪಸ್. ಸೋತರೆ ಸುಮ್ನೆ ಬನ್ನಿ, ಹೋದ ದುಡ್ಡಿನ ಹಿಂದೆ ಬಿದ್ದು ಮತ್ತೆ ಕಟ್ಟಬೇಡಿ. ಹದಿನೆಂಟರ ಒಳಗಿನವರು ಬಾಜಿ ಕಟ್ಟುವ ಹಾಗಿಲ್ಲ.

ಕೆಸರು ಬೇಡ ಅನ್ನುವವರಿಗೆ ಮೀತ್ ಕೌಂಟಿಯ ಲೇಟೌನ್ ಇದೆ. 1868ರಿಂದ ಸಮುದ್ರದ ಮರಳಿನ ಮೇಲೆ ಓಟ. ನೀರು ಇಳಿದ ಮೇಲೇ ಆಟ, ಹಾಗಾಗಿ ಹೊತ್ತು ಗೊತ್ತು ಮಾಡುವುದು ಸಮುದ್ರ.

ನನ್ನ ಮಗಳು ಕುದುರೆಯ ಮೈಕಟ್ಟು ನೋಡಿ ಪಕ್ಕದ ರೈತನ ಹತ್ತಿರ ಅವನದೇ ಧಾಟಿಯಲ್ಲಿ ವಾದಕ್ಕೆ ನಿಲ್ಲುತ್ತಾಳೆ. ಅದೇ ಹುಡುಗಿ ಫೋನಿನಲ್ಲಿ ಅಜ್ಜಿ "ಊಟ ಆಯ್ತಾ ಪುಟ್ಟಿ" ಅಂದರೆ "ಹೂಂ" ಬಿಟ್ಟು ಮುಂದಕ್ಕೆ ಹೋಗಲ್ಲ. ಹೆಮ್ಮೆ ಪಡಲೋ, ಸಂಕಟ ಪಡಲೋ? ಎರಡೂ ಆಗುತ್ತದೆ. ನಿಮಗೂ ಆಗುತ್ತದೆ, ತಯಾರಿರಿ.

ಮತ್ತೆ, ಹೊರಡುವ ಮೊದಲು ಬೆಳಿಗ್ಗೆ ಒಮ್ಮೆ ವಿಚಾರಿಸಿ. ಮಳೆ ಜಾಸ್ತಿ ಬಿದ್ದು ಹೊಲ ನೀರು ಹಿಡಿದಿದ್ದರೆ ಓಟವೇ ರದ್ದಾಗುತ್ತದೆ.