ಆರು ರೂಪ, ಮೂರೇ ಸದ್ದು: ನಾನು ಫ್ರೆಂಚ್ ಕ್ರಿಯಾಪದ ಕಲಿತದ್ದು

ನನ್ನ ತಂಗಿ ಮದುವೆಯಾಗಿ ಮಾಂಟ್ರಿಯಲ್‌ನಲ್ಲಿದ್ದಾಳೆ. ಅವಳ ಮಗನಿಗೆ ಏಳು ವರ್ಷ, ಓದುವುದು ಫ್ರೆಂಚ್ ಶಾಲೆಯಲ್ಲಿ. ವಿಡಿಯೋ ಕಾಲ್‌ನಲ್ಲಿ ಕನ್ನಡದಲ್ಲಿ ಶುರು ಮಾಡಿ ಎರಡನೇ ಮಾತಿಗೇ ಫ್ರೆಂಚ್‌ಗೆ ಜಾರುತ್ತಾನೆ. ದೊಡ್ಡವ್ವ ಅಂತ ಬಾಯಿ ತುಂಬ ಕರೆಯುವ ಮಗು ಏನು ಹೇಳುತ್ತಿದೆ ಅಂತ ನನಗೆ ತಿಳಿಯಬೇಕಲ್ವಾ? ಅದಕ್ಕೇ ಇಲ್ಲಿ ಕಲಬುರಗಿಯಲ್ಲೇ ಕೂತು, ಮೊಬೈಲ್‌ನಲ್ಲಿ ಆನ್‌ಲೈನ್ ಕ್ಲಾಸ್ ಸೇರಿ ಫ್ರೆಂಚ್ ಹಿಡಿದೆ. ಹಗಲೆಲ್ಲ ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಓದಲು ಸಿಗುವುದು ಬೆಳಗಿನ ಒಂದು ತಾಸು ಮಾತ್ರ.

ಮೊದಲ ತಿಂಗಳು ವರ್ತಮಾನ ಕಾಲದಲ್ಲೇ ಸಿಕ್ಕಿಬಿದ್ದೆ. ಪುಸ್ತಕದಲ್ಲಿ ಒಂದೊಂದು ಕ್ರಿಯಾಪದಕ್ಕೂ ಆರು ಮನೆಯ ಪಟ್ಟಿ. 'ಪಾರ್ಲೇ' ಅಂದರೆ ಮಾತಾಡುವುದು. ಅದರ ಆರು ರೂಪಗಳ ಕೊನೆಗೆ ಇ, ಇಎಸ್, ಇ, ಒಎನ್ಎಸ್, ಇಜೆಡ್, ಇಎನ್‌ಟಿ. ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. 'ಅವರು ಮಾತಾಡುತ್ತಾರೆ' ಅನ್ನಲು ಬರೆದಂತೆಯೇ 'ಇಲ್ ಪಾರ್ಲೆಂಟ್' ಅಂದೆ. ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ.

ಗಂಟು ಬಿಚ್ಚಿದ್ದು ನಮ್ಮ ಅವ್ವ. ಒಂದು ಬೆಳಿಗ್ಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕ್ಲಾಸಿನ ಆಡಿಯೋ ಹಚ್ಚಿ, ಅದು ಹೇಳಿದಂತೆ ಹೇಳುತ್ತಿದ್ದೆ. ಝ ಪಾರ್ಲ್. ತ್ಯು ಪಾರ್ಲ್. ಇಲ್ ಪಾರ್ಲ್. ನೂ ಪಾರ್ಲೋಂ. ವೂ ಪಾರ್ಲೇ. ಇಲ್ ಪಾರ್ಲ್. ಅವ್ವ ಹಿಟ್ಟಿನ ಕೈ ಹಾಗೇ ನಿಲ್ಲಿಸಿ, "ಯಾಕವ್ವಾ, ಅದೇ ಮಾತು ನಾಲ್ಕ್ ಸಲ ಹೇಳ್ಲಾಕತ್ತಿ?" ಅಂದಳು.

ಹೌದಲ್ಲ! ನಾನು, ನೀನು, ಅವನು, ಅವರು, ನಾಲ್ಕಕ್ಕೂ ಸದ್ದು 'ಪಾರ್ಲ್' ಒಂದೇ. ಬರೆಯುವಾಗ ಮಾತ್ರ ಬೇರೆ. ಕೊನೆಯ ಆ ಇಎಸ್, ಇಎನ್‌ಟಿ ಬಾಯಿಗೆ ಬರುವುದೇ ಇಲ್ಲ. ನಾನು ಕಣ್ಣಿನಿಂದ ಆರು ಕಲಿಯುತ್ತಿದ್ದೆ, ಅವ್ವ ಕಿವಿಯಿಂದ ಮೂರೇ ಕೇಳಿದ್ದಳು.

ಅವತ್ತೇ ನನಗೆ ನಮ್ಮ ಭಾಷೆಯ ರೀತಿಯೂ ಎದ್ದು ಕಂಡಿತು. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಎಲ್ಲ ಹೇಳಿಬಿಡುತ್ತದೆ. ಬರೀ 'ಬರ್ತೀನಿ' ಅಂದರೆ ಸಾಕು, ಬರುವವರು ಯಾರು ಅಂತ ಗೊತ್ತಾಗುತ್ತದೆ. ಬರ್ತಾನೆ, ಬರ್ತಾಳೆ ಅಂದರೆ ಗಂಡೋ ಹೆಣ್ಣೋ ಅನ್ನುವುದೂ ತಿಳಿಯುತ್ತದೆ. ಫ್ರೆಂಚ್‌ನಲ್ಲಿ ಬರೀ 'ಪಾರ್ಲ್' ಅಂದರೆ ಯಾರೂ ಸಿಗುವುದಿಲ್ಲ. ಬಾಲ ಸುಮ್ಮನಿರುತ್ತದೆ, ಅದಕ್ಕೇ ಮುಂದೆ ಝ, ತ್ಯು, ಇಲ್ ಇರಲೇಬೇಕು. ನಮ್ಮ ರೂಢಿಯಂತೆ ನಾನು ಅದನ್ನು ಬಿಡುತ್ತಿದ್ದೆ. ಆಮೇಲೆ ಸರ್ವನಾಮ ಇಲ್ಲದೆ ಕ್ರಿಯಾಪದವನ್ನು ಉಚ್ಚರಿಸಲೇಬಾರದು ಅಂತ ಕಟ್ಟುನಿಟ್ಟು ಮಾಡಿಕೊಂಡೆ. 'ಝ ಪಾರ್ಲ್' ಎರಡು ಪದವಲ್ಲ, ನನಗೆ ಅದು ಒಂದೇ ಪದ.

ಫ್ರೆಂಚ್ ಕ್ರಿಯಾಪದಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಈ ಪಾರ್ಲೇ ಜಾತಿಯವೇ. ಹೀಗಾಗಿ ಒಂದು ಕಲಿತರೆ ದೊಡ್ಡ ರಾಶಿಯೇ ಕೈಗೆ ಬಂದಂತೆ. ಇನ್ನೊಂದು ಅನುಕೂಲವೂ ಇದೆ. ಆಡುಮಾತಿನಲ್ಲಿ ಫ್ರೆಂಚರು 'ನೂ' ಬದಲು ಜಾಸ್ತಿ 'ಓಂ' ಅನ್ನುತ್ತಾರೆ. 'ಓಂ ಪಾರ್ಲ್' ಅಂದರೂ ನಾವು ಮಾತಾಡುತ್ತೇವೆ ಅಂತಲೇ. ಅಲ್ಲಿಗೆ ಕಿವಿಗೆ ಉಳಿದದ್ದು ಪಾರ್ಲ್ ಮತ್ತು ಪಾರ್ಲೇ ಎರಡೇ.

ನನ್ನ ನೋಟ್‌ಬುಕ್ಕನ್ನು ಖಾತೆ ಪುಸ್ತಕದ ಹಾಗೆ ಮಾಡಿಕೊಂಡೆ. ಎಡಕ್ಕೆ ಸದ್ದು, ಬಲಕ್ಕೆ ಬರಹ. ಮೊದಲು ಎಡಗಡೆ ಮಾತ್ರ ಓದುವುದು. 'ಫಿನೀರ್', ಅಂದರೆ ಮುಗಿಸುವುದು, ಏಕವಚನ ಮೂರಕ್ಕೂ 'ಫಿನಿ'. ಬಹುವಚನದಲ್ಲಿ ಸಕಾರ ಸೇರಿ ಫಿನಿಸೋಂ, ಫಿನಿಸೇ, ಫಿನಿಸ್. ಮಾರುವ 'ವಾಂದ್ರ್' ಕೂಡ ಹೀಗೇ: ಒಬ್ಬ ಮಾರಿದರೆ ವಾಂ, ಹಲವರು ಮಾರಿದರೆ ವಾಂದ್. ಇಲ್ಲಿ ಒಬ್ಬನೋ ಹಲವರೋ ಅನ್ನುವುದು ಕೊನೆಯ ವ್ಯಂಜನದಲ್ಲೇ ಕೇಳಿಸುತ್ತದೆ.

ನಿಯಮ ಮೀರುವ ಕ್ರಿಯಾಪದಗಳಿಗೆ ಹೆದರಿದ್ದೆ. 'ಇರು' ಅನ್ನುವ 'ಎತ್ರ್' ಸ್ವಿ, ಎ, ಎ, ಸೊಮ್, ಎತ್, ಸೋಂ ಅಂತ ವೇಷ ಬದಲಿಸುತ್ತದೆ. ಆದರೆ ನಾವು ಕಲಬುರಗಿಯವರು ದಿನಾ ಉರ್ದು ಕೇಳುವವರು. ಮೈ ಹೂಂ, ತುಮ್ ಹೋ, ವೋ ಹೈ ಅನ್ನುವಾಗ ಯಾರೂ ಗಾಬರಿಯಾಗುವುದಿಲ್ಲ. ಇದೂ ಅಂಥದ್ದೇ ಅಂದುಕೊಂಡೆ, ಹಗುರಾಯಿತು. ವರ್ತಮಾನ ಕಾಲದ 'ಅವರು' ರೂಪಗಳಲ್ಲಿ ಓಂ ಸದ್ದಿನವು ನಾಲ್ಕೇ: ಓಂ, ಸೋಂ, ಫೋಂ, ವೋಂ. ಇಂಗ್ಲಿಷ್‌ನ 'ಹ್ಯಾವ್' ಅರ್ಥದ್ದು, ಇರು, ಮಾಡು, ಹೋಗು, ಈ ನಾಲ್ಕಕ್ಕೆ. 'ನೀವು' ರೂಪ ಏಕಾರದಲ್ಲಿ ಮುಗಿಯದವು ಮೂರು: ಎತ್, ಫೆತ್, ದಿತ್. ಇರು, ಮಾಡು, ಹೇಳು, ಈ ಮೂರಕ್ಕೆ. ಇವನ್ನು ರೊಟ್ಟಿ ಬಡಿಯುವ ತಾಳಕ್ಕೆ ಹೇಳಿಕೊಂಡೇ ಕಲಿತೆ.

ನನಗೆ ನಿಜವಾಗಿ ಕಷ್ಟವಾದದ್ದು 'ಆವ್ವಾರ್', ಇಂಗ್ಲಿಷ್‌ನ 'ಹ್ಯಾವ್' ಇದ್ದಂತೆ, ನಮ್ಮ ಆಡುಮಾತಿನಲ್ಲಿ ಇಲ್ಲದ ಕ್ರಿಯಾಪದ. ನಾವು 'ನನಗೆ ಹಸಿವಾಗಿದೆ' ಅನ್ನುತ್ತೇವೆ. ಕ್ರಿಯಾಪದ ಹಸಿವಿನ ಹಿಂದೆ ಹೋಗುತ್ತದೆ. ಫ್ರೆಂಚ್‌ನಲ್ಲಿ ಹಸಿವಿನ ಒಡತಿ ನಾನು, ಕ್ರಿಯಾಪದ ನನ್ನ ಹಿಂದೆ: 'ಝೆ ಫ್ಯಾಂ'. ವಯಸ್ಸೂ ಹಾಗೇ. ನನಗೆ ನಲವತ್ತು ವರ್ಷ ಅನ್ನಲು 'ಝೆ ಕರಾಂತಾಂ'. ಅನುವಾದ ಮಾಡಲು ಹೋದರೆ ತಪ್ಪುತ್ತದೆ, ಇಡಿಯಾಗಿ ನುಂಗಬೇಕು.

ಇನ್ನೊಂದು ತಪ್ಪು ಇಂಗ್ಲಿಷ್‌ನಿಂದ ಬಂತು. 'ಮಾತಾಡುತ್ತಿದ್ದೇನೆ' ಅನ್ನಲು 'ಝ ಸ್ವಿ ಪಾರ್ಲ್' ಅಂತ ಬರೆದೆ. ಟೀಚರ್ ಕೆಂಪು ಗೆರೆ ಎಳೆದರು. ಮಾತಾಡುತ್ತೇನೆ, ಮಾತಾಡುತ್ತಿದ್ದೇನೆ, ಎರಡಕ್ಕೂ 'ಝ ಪಾರ್ಲ್' ಒಂದೇ ಸಾಕಂತೆ.

ಪಟ್ಟಿ ಬಿಟ್ಟು ಮನೆಯ ವಾಕ್ಯಗಳನ್ನೇ ದಿನಾ ಐದು ಬರೆದೆ. ಅವ್ವ ರೊಟ್ಟಿ ಮಾಡುತ್ತಾಳೆ. ನಾನು ಮಿಲ್ಲಿಗೆ ಹೋಗುತ್ತೇನೆ. ಅವರು ತೊಗರಿ ಮಾರುತ್ತಾರೆ. ಬರೆಯುವ ಮೊದಲು ಜೋರಾಗಿ ಹೇಳುವುದು, ಆಮೇಲೆ ಬರೆಯುವುದು. ಬಾಲದ ಅಕ್ಷರಗಳು ಆಗ ತಾವಾಗಿ ನೆನಪಿಗೆ ಬಂದವು.

ಕೊನೆಗೆ ಕಿವಿ ಹಿಡಿದದ್ದು ಒಂದು ಸಣ್ಣ ಸದ್ದು. 'ಇಲ್ ಎಮ್' ಅಂದರೆ ಅವನಿಗೆ ಇಷ್ಟ. 'ಇಲ್ ಜ಼ೆಮ್' ಅಂದರೆ ಅವರಿಗೆ ಇಷ್ಟ. 'ಅವರು' ಅನ್ನುವ 'ಇಲ್' ಬರೆಯುವಾಗ ಕೊನೆಗೆ ಒಂದು ಎಸ್ ಇದೆ; ಸ್ವರದ ಮುಂದೆ ಬಂದಾಗ ಸುಮ್ಮನಿದ್ದ ಆ ಎಸ್ ಎಚ್ಚರಾಗಿ ಜ಼ಕಾರವಾಗುತ್ತದೆ. ಮೊನ್ನೆ ಭಾನುವಾರ ಹುಡುಗ ಶಾಲೆಯ ಸ್ನೇಹಿತರ ಮಾತು ತೆಗೆದ. "ಇಲ್ ಜ಼ೆಮ್ ಲ ಒಕೇ" ಅಂದ. ಹಾಕಿ ಇಷ್ಟವಂತೆ. ಆ ಜ಼ಕಾರ ಕೇಳಿಸಿತು. ಒಬ್ಬನಲ್ಲ, ಹಲವರು. "ಕೋಂಬ್ಯಾಂ?", ಎಷ್ಟು ಜನ, ಅಂತ ಕೇಳಿದೆ. ಅವನು ನಾಲ್ಕು ಬೆರಳು ಎತ್ತಿ ತೋರಿಸಿ, "ಕಾತ್ರ್, ದೊಡ್ಡವ್ವ" ಅಂದ.