ನೌಕಾ ಎನ್‌ಸಿಸಿಯ ಹೊಣೆ ಹೊತ್ತ ಅಧ್ಯಾಪಕರಿಗೆ ಮೊದಲ ವರ್ಷದ ಕೈಪಿಡಿ

1948ರಲ್ಲಿ ಆರಂಭವಾದ ಎನ್‌ಸಿಸಿಗೆ 1952ರಲ್ಲಿ ನೌಕಾ ವಿಭಾಗ ಸೇರಿತು. ಇಂದು ಮಂಗಳೂರು, ಉಡುಪಿ, ಕಾರವಾರಗಳಲ್ಲಷ್ಟೇ ಅಲ್ಲದೆ ಕಡಲು ಕಾಣದ ಬೆಂಗಳೂರು, ಮೈಸೂರುಗಳಲ್ಲೂ ಬಿಳಿ ಸಮವಸ್ತ್ರದ ಕೆಡೆಟ್‌ಗಳಿದ್ದಾರೆ. ಶಾಲೆ, ಕಾಲೇಜುಗಳಲ್ಲಿ ಅವರನ್ನು ಮುನ್ನಡೆಸುವವರು ಇತಿಹಾಸವನ್ನೋ ರಸಾಯನಶಾಸ್ತ್ರವನ್ನೋ ಬೋಧಿಸುತ್ತಲೇ ಈ ಕೆಲಸವನ್ನೂ ಇಷ್ಟಪಟ್ಟು ಒಪ್ಪಿಕೊಂಡ ಅಧ್ಯಾಪಕರು.

ಪ್ರಾಂಶುಪಾಲರ ಶಿಫಾರಸು, ಸಂದರ್ಶನ ಮತ್ತು ವೈದ್ಯಕೀಯ ಪರೀಕ್ಷೆಗಳನ್ನು ದಾಟಿದ ಬಳಿಕ ನಾಗಪುರದ ಹತ್ತಿರದ ಕಾಮಠಿಯಲ್ಲಿ ಅಥವಾ ಗ್ವಾಲಿಯರ್‌ನಲ್ಲಿ ಇರುವ ಅಧಿಕಾರಿ ತರಬೇತಿ ಅಕಾಡೆಮಿಗೆ ಹೋಗಿಬರಬೇಕು. ತರಬೇತಿ ಮುಗಿಸಿದವರಿಗೆ ಕಾಲೇಜಿನಲ್ಲಾದರೆ ಸಬ್ ಲೆಫ್ಟಿನೆಂಟ್, ಪ್ರೌಢಶಾಲೆಯಲ್ಲಾದರೆ ಥರ್ಡ್ ಆಫೀಸರ್ ದರ್ಜೆ ದೊರೆಯುತ್ತದೆ. ಗೌರವಧನ ಅಲ್ಪ, ಅದನ್ನು ನೋಡಿ ಯಾರೂ ಬರಬಾರದು. ಈಜು ಬಾರದವರು ಈ ಅವಧಿಯಲ್ಲೇ ಕಲಿತುಬಿಡುವುದು ಒಳ್ಳೆಯದು, ಏಕೆಂದರೆ ನೀರಿಗೆ ಅಂಜುವ ಮೇಷ್ಟರನ್ನು ಮಕ್ಕಳು ಮೊದಲ ದಿನವೇ ಗುರುತಿಸುತ್ತಾರೆ.

ನಿಮ್ಮ ಕೆಲಸ ಯಾವುದು ಎಂಬುದನ್ನು ಮೊದಲಿಗೇ ಸ್ಪಷ್ಟಪಡಿಸಿಕೊಳ್ಳಿ. ದೋಣಿಯ ಹುಟ್ಟು ಹಾಕುವುದು, ಹಗ್ಗದ ಗಂಟು, ಕೆಂಪು ಹಳದಿ ಬಾವುಟಗಳ ಸೆಮಾಫೋರ್ ಸಂಕೇತ ಇವೆಲ್ಲವನ್ನೂ ಕಲಿಸಲು ಘಟಕದಲ್ಲಿ ನೌಕಾಪಡೆಯ ಸಿಬ್ಬಂದಿ ಇರುತ್ತಾರೆ. ಆದರೆ ಯಾರಿಗೆ ಉಬ್ಬಸವಿದೆ, ಯಾರು ತಿಂಡಿ ತಿನ್ನದೆ ಮೊದಲ ಬಸ್ಸು ಹಿಡಿದು ಬಂದಿದ್ದಾರೆ, ಯಾರ ಮನೆಯಲ್ಲಿ ಒಪ್ಪಿಗೆ ಪತ್ರಕ್ಕೆ ಅರೆಮನಸ್ಸಿನಿಂದ ಸಹಿ ಬಿದ್ದಿದೆ ಎಂಬುದನ್ನು ಅವರು ತಿಳಿಯಲಾರರು. ಅದು ನಿಮಗೆ ಮಾತ್ರ ಗೊತ್ತಿರುತ್ತದೆ. ಹೀಗಾಗಿ ದಾಖಲಾತಿಯ ವಾರದಲ್ಲೇ ಒಂದು ನೋಟ್‌ಬುಕ್ ತೆರೆದು, ಪ್ರತಿ ಕೆಡೆಟ್‌ಗೆ ಒಂದು ಪುಟವಿಟ್ಟು, ಈಜು, ಆರೋಗ್ಯ, ಮನೆಯ ಫೋನ್ ಸಂಖ್ಯೆಗಳನ್ನು ನಿಮ್ಮ ಕೈಯಿಂದಲೇ ಬರೆದುಕೊಳ್ಳಿ.

ಹಾಜರಿಯನ್ನು ಕಟ್ಟುನಿಟ್ಟಾಗಿ ಇಡಿ. ಎನ್‌ಸಿಸಿ ಪ್ರಮಾಣಪತ್ರದ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಿ ಬೇಕು. ಕೇರಳದ ಎಳಿಮಲದ ನೌಕಾ ಅಕಾಡೆಮಿಯ ಕೆಲವು ಸ್ಥಾನಗಳು ಎನ್‌ಸಿಸಿಯ ಅತ್ಯುನ್ನತ ‘ಸಿ’ ಪ್ರಮಾಣಪತ್ರ ಪಡೆದವರಿಗೇ ಮೀಸಲಿರುವುದರಿಂದ ನಿಮ್ಮ ಉದಾಸೀನ ಒಬ್ಬ ವಿದ್ಯಾರ್ಥಿಯ ಭವಿಷ್ಯಕ್ಕೆ ಕುತ್ತಾಗಬಹುದು.

ಕರಾವಳಿಯಲ್ಲಿ ಮಳೆಗಾಲವನ್ನು ಗಂಟು, ಕವಾಯತು, ಹಡಗಿನ ಮಾದರಿ ತಯಾರಿಕೆಗಳಿಗೆ ಮೀಸಲಿಟ್ಟು, ದೋಣಿಯ ಮಾತನ್ನು ಅಕ್ಟೋಬರ್ ನಂತರಕ್ಕೆ ಇಟ್ಟುಕೊಳ್ಳಬೇಕು. ದಿನ ಗೊತ್ತುಮಾಡುವ ಮುನ್ನ ಉಬ್ಬರ ಇಳಿತದ ಪಟ್ಟಿ ನೋಡಿ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ. ಇಳಿತದ ಸೆಳೆತ ನದಿ ಕಡಲು ಸೇರುವ ಅಳಿವೆಯ ಬಳಿ ದೋಣಿಯನ್ನು ಕಡಲತ್ತ ಒಯ್ಯುತ್ತದೆ. ಮಧ್ಯಾಹ್ನ ಏಳುವ ಕಡಲಗಾಳಿ ಅದಕ್ಕೆ ಎದುರಾಗಿ ಬೀಸಿ ಅಲೆ ಎಬ್ಬಿಸುತ್ತದೆ. ಆದ್ದರಿಂದ ಹೊಸಬರನ್ನು ಬೆಳಗಿನ ಹೊತ್ತು, ನೀರು ಏರುತ್ತಿರುವಾಗ, ಅಳಿವೆಯಿಂದ ದೂರದಲ್ಲಿ ಇಳಿಸುವುದು ಕ್ಷೇಮ.

ಜೀವರಕ್ಷಕ ಜಾಕೆಟನ್ನು ಕಣ್ಣಿನಿಂದ ಪರೀಕ್ಷಿಸಿದರೆ ಸಾಲದು. ಮೊದಲ ವರ್ಷ ನಾನು ಹಾಗೆ ಮಾಡಿ, ಸಪೂರ ಮೈಯ ಹುಡುಗಿಯೊಬ್ಬಳು ದೋಣಿ ಏರಲು ಕೈ ಎತ್ತಿದಾಗ ಜಾಕೆಟ್ ಅವಳ ಕಿವಿಯವರೆಗೆ ಸರಿದದ್ದನ್ನು ಕಂಡು ಬೆವತಿದ್ದೆ. ಅಂದಿನಿಂದ ಪ್ರತಿಯೊಬ್ಬರ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಿ ನೋಡುತ್ತೇನೆ. ಜಾಕೆಟ್ ಗಲ್ಲ ದಾಟಿದರೆ ಸೊಂಟದ ಪಟ್ಟಿ ಸಡಿಲವಾಗಿದೆ ಎಂದರ್ಥ.

ತರಬೇತಿಗೆ ಬಳಸುವ ವೇಲರ್ ದೋಣಿ 27 ಅಡಿ ಉದ್ದದ್ದು. ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು, ಒಟ್ಟು ಐದು ಹುಟ್ಟು. ಚುಕ್ಕಾಣಿ ಹಿಡಿದ ಕಾಕ್ಸ್‌ವೇನ್ ‘ಗಿವ್ ವೇ ಟುಗೆದರ್’ ಎಂದೊಡನೆ ಎಲ್ಲರೂ ಸ್ಟ್ರೋಕ್ ಸ್ಥಾನದಲ್ಲಿರುವವರ, ಅಂದರೆ ಚುಕ್ಕಾಣಿಗೆ ಅತಿ ಹತ್ತಿರದ ಹುಟ್ಟಿನಲ್ಲಿರುವವರ, ಬೆನ್ನಿನ ಚಲನೆಗೆ ಸರಿಯಾಗಿ ಹುಟ್ಟು ಎಳೆಯಬೇಕು. ಅಲಗು ತೀರ ಆಳಕ್ಕೆ ಇಳಿದರೆ ನೀರು ಅದನ್ನು ಕಚ್ಚಿಕೊಂಡು, ಹಿಡಿ ಎದೆಗೆ ಬಡಿಯುತ್ತದೆ. ನಾವಿಕರು ಇದನ್ನು ಏಡಿ ಹಿಡಿಯುವುದು ಎನ್ನುತ್ತಾರೆ. ಎಲ್ಲರಿಗೂ ಒಮ್ಮೆ ಹೀಗಾಗುತ್ತದೆ ಎಂದು ಮುಂಚಿತವಾಗಿ ಹೇಳಿಟ್ಟರೆ ಹೊಸಬರು ನಾಚಿಕೊಂಡು ಹಿಂಜರಿಯುವುದಿಲ್ಲ.

ಹತ್ತುವಾಗ ಎಣಿಸಿದಂತೆಯೇ ಇಳಿಯುವಾಗಲೂ, ತಲೆಗಳನ್ನಷ್ಟೇ ಅಲ್ಲದೆ ಹೆಸರು ಕೂಗಿ ಎಣಿಸಿ. ಅಂಗೈಯಲ್ಲಿ ಬೊಬ್ಬೆ ಎದ್ದವರು ಅದನ್ನು ಅಡಗಿಸುತ್ತಾರೆ, ಕೈ ತೋರಿಸಲು ಹೇಳಿ ಔಷಧ ಹಚ್ಚಿಸಿ. ಆಮೇಲೆ ಅಂದಿನ ಉಬ್ಬರದ ಸಮಯ, ಗಾಳಿಯ ದಿಕ್ಕು, ಯಾರು ಯಾವ ಹುಟ್ಟಿನಲ್ಲಿ ಕುಳಿತಿದ್ದರು ಎಂಬುದನ್ನು ದಡದಲ್ಲೇ ಬರೆದಿಡಿ. ನೌಕಾ ಕೆಡೆಟ್‌ಗಳ ಸ್ಪರ್ಧೆ ನಡೆಯುವ ಅಖಿಲ ಭಾರತ ನೌ ಸೈನಿಕ ಶಿಬಿರಕ್ಕೆ ತಂಡ ಆಯ್ಕೆ ಮಾಡುವಾಗ ಘಟಕದವರು ಮೊದಲು ಕೇಳುವುದು ನಿಮ್ಮ ಅಭಿಪ್ರಾಯವನ್ನೇ.